ಸಂಜೆಯಾದರೆ ಅತ್ತೆ "ಮನೆಗೆ ಹೋಗ್ತೆ" ಅಂತಾರೆ, ರಾತ್ರಿ ನಿದ್ದೆಯಿಲ್ಲ: ನಿದ್ದೆ ಮಾತ್ರೆ ಕೊಡಬಹುದಾ?

ಪ್ರಶ್ನೆ: ತೋಟದಮನೆ_ಶಿರಸಿ

ಅತ್ತೆಗೆ 76 ವರ್ಷ. ಎರಡು ವರ್ಷದಿಂದ ಮರೆವು ನಿಧಾನಕ್ಕೆ ಹೆಚ್ಚುತ್ತಾ ಬಂದಿದೆ. ಅಲ್ಝೈಮರ್ ಅಂತ ಹೇಳಿ ಡೊನೆಪೆಜಿಲ್ 10 ಮಿ.ಗ್ರಾಂ ರಾತ್ರಿ ಊಟದ ಮೇಲೆ ಬರೆದುಕೊಟ್ಟಿದ್ದಾರೆ. ಬಿಪಿ ಮಾತ್ರೆಯೂ ಇದೆ, ಸಕ್ಕರೆ ಕಾಯಿಲೆ ಇಲ್ಲ. ಕಳೆದ ನಾಲ್ಕೈದು ದಿನದಿಂದ ಮಾತ್ರ ಪೂರ್ತಿ ಬೇರೆಯೇ ಆಗಿದ್ದಾರೆ. ಹಗಲು ಮಂಕಾಗಿ ಕೂತಿರ್ತಾರೆ, ದೀಪ ಹಚ್ಚೋ ಹೊತ್ತಿಗೆ ಎದ್ದು "ಮನೆಗೆ ಹೋಗ್ತೆ" ಅಂತ ಹೊರಡ್ತಾರೆ. ಜಗುಲಿಯಲ್ಲಿ ಯಾರೋ ಗಂಡಸು ನಿಂತಿದ್ದಾನೆ ಅಂತಾರೆ. ಸರ ಕದ್ದಿದ್ದು ನಾನೇ ಅಂತಾರೆ. ಸ್ನಾನಕ್ಕೆ ಕರೆದರೆ ಕೈ ಎತ್ತುತ್ತಾರೆ. ರಾತ್ರಿ ಎರಡು ಗಂಟೆಗೂ ಎಚ್ಚರ. ಹೋದ ವಾರ ನೆಗಡಿ ಅಂತ ಅಂಗಡಿಯ ಶೀತದ ಮಾತ್ರೆ ಮೂರು ದಿನ ಕೊಟ್ಟಿದ್ದೆವು, ಬೇರೆ ಹೊಸದೇನೂ ಇಲ್ಲ. ನೆಂಟರೊಬ್ಬರು ತಮ್ಮ ಮನೆಯಲ್ಲಿರುವ ಅಲ್ಪ್ರಜೋಲಾಮ್ ಕೊಡಿ, ನಿದ್ದೆ ಬರ್ತದೆ ಅಂದರು. ಕೊಡಬಹುದಾ? ಇದು ಕಾಯಿಲೆ ಮುಂದಿನ ಹಂತಕ್ಕೆ ಹೋದ ಲಕ್ಷಣವಾ?

ಉತ್ತರ 1: ವಾರ್ಡ್_ಸಿಸ್ಟರ್_ಕಾರವಾರ

ತಂಗೀ, ಆ ಮಾತ್ರೆ ಕೊಡಬೇಡಿ. ಇದನ್ನು ಅಲ್ಝೈಮರ್ ಮುಂದುವರಿದ ಲಕ್ಷಣ ಅಂತ ಈಗಲೇ ತೀರ್ಮಾನಿಸಲೂ ಬೇಡಿ. ಅಲ್ಝೈಮರ್ ತಿಂಗಳು, ವರ್ಷಗಳ ಲೆಕ್ಕದಲ್ಲಿ ಇಳಿಯುವ ಕಾಯಿಲೆ. ನಾಲ್ಕು ದಿನದಲ್ಲಿ ಮನುಷ್ಯ ಬದಲಾದರೆ, ಅದರಲ್ಲೂ ಹಗಲು ಮಂಕು, ರಾತ್ರಿ ಗಲಾಟೆ, ಇಲ್ಲದವರು ಕಾಣುವುದು ಎಲ್ಲ ಒಟ್ಟಿಗೆ ಬಂದರೆ, ಮೊದಲು ಯೋಚಿಸಬೇಕಾದದ್ದು ಡೆಲಿರಿಯಂ. ಅಂದರೆ ದೇಹದಲ್ಲೆಲ್ಲೋ ಇರುವ ತೊಂದರೆ ಮಿದುಳನ್ನು ಕದಡಿರುತ್ತದೆ. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇದ್ದವರಿಗೆ ಇದು ಬಹಳ ಬೇಗ ಬರುತ್ತದೆ, ಕಾರಣ ಸಿಕ್ಕರೆ ಹೆಚ್ಚಿನ ಸಲ ಇಳಿಯುತ್ತದೆ.

ನೀವು ಬರೆದಿದ್ದರಲ್ಲಿ ನನಗೆ ಮೊದಲು ಕಂಡಿದ್ದು ಶೀತದ ಮಾತ್ರೆ. ಅವುಗಳಲ್ಲಿ ಸಾಮಾನ್ಯವಾಗಿ ಕ್ಲೋರ್‌ಫೆನಿರಮಿನ್ ಇರುತ್ತದೆ. ಅಲ್ಝೈಮರ್‌ನಲ್ಲಿ ನೆನಪಿಗೆ ಬೇಕಾದ ಮಿದುಳಿನ ರಾಸಾಯನಿಕ ಅಸಿಟೈಲ್‌ಕೋಲಿನ್ ಕಡಿಮೆಯಾಗಿರುತ್ತದೆ. ಡೊನೆಪೆಜಿಲ್ ಅದು ಒಡೆದುಹೋಗುವುದನ್ನು ತಡೆದು ಸ್ವಲ್ಪ ಉಳಿಸಿಕೊಡುತ್ತದೆ. ಕ್ಲೋರ್‌ಫೆನಿರಮಿನ್ ಅದೇ ಅಸಿಟೈಲ್‌ಕೋಲಿನ್ ಕೆಲಸ ಮಾಡದಂತೆ ಅಡ್ಡ ನಿಲ್ಲುತ್ತದೆ. ಒಂದು ಕಟ್ಟುವುದು, ಇನ್ನೊಂದು ಕೆಡಹುವುದು. ಜೊತೆಗೆ ಮಲ ಗಟ್ಟಿಯಾಗುತ್ತದೆ, ಬಾಯಿ ಒಣಗುತ್ತದೆ, ಮೂತ್ರ ಕಟ್ಟಬಹುದು, ಇವೂ ಡೆಲಿರಿಯಂ ಹೆಚ್ಚಿಸುತ್ತವೆ. ಇದೇ ಗುಂಪಿನಂತೆ ವರ್ತಿಸುವ ಇನ್ನು ಕೆಲವು: ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್, ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್. ಮನೆಯಲ್ಲಿರುವ ಎಲ್ಲ ಔಷಧಗಳನ್ನು, ಕಷಾಯದ ಪುಡಿ, ಚೂರ್ಣ ಸಮೇತ, ಒಂದು ಚೀಲಕ್ಕೆ ಹಾಕಿ ಡಾಕ್ಟರ ಮುಂದೆ ಸುರಿಯಿರಿ. ಹೆಸರು ಬರೆದ ಚೀಟಿಗಿಂತ ಅದು ಹೆಚ್ಚು ಉಪಯೋಗ.

ಬಿಪಿ ಮಾತ್ರೆಯ ಪಟ್ಟಿ ತಿರುಗಿಸಿ ನೋಡಿ. ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥಾಲಿಡೋನ್ ಅಥವಾ ಇಂಡಾಪಮೈಡ್ (ಮೂತ್ರ ಹೆಚ್ಚಿಸಿ ಬಿಪಿ ಇಳಿಸುವಂಥವು) ಅಂತ ಇದ್ದರೆ ರಕ್ತದ ಸೋಡಿಯಂ ಇಳಿದಿರಬಹುದು. 135ರಿಂದ 145 ಇರಬೇಕಾದ್ದು 120ರ ಹತ್ತಿರ ಬಂದರೆ ಮಂಕು, ತೂಕಡಿಕೆ, ನಡಿಗೆ ಓಲಾಡುವುದು, ಹೆಚ್ಚಾದರೆ ಫಿಟ್ಸ್. ಊಟ ಸೇರದೆ ಬರೀ ತಿಳಿಗಂಜಿ ಕುಡಿಯುವವರಲ್ಲಿ ಇದು ಇನ್ನೂ ಸುಲಭ. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಪರೀಕ್ಷೆ ಮಾಡಿಸಿ.

ಇವತ್ತೇ ಮನೆಯಲ್ಲಿ ನೋಡಬಹುದಾದ್ದು: ಕೊನೆಯ ಸಲ ಮಲ ಹೋದದ್ದು ಯಾವಾಗ? ಮೂರು ದಿನಕ್ಕಿಂತ ಹೆಚ್ಚಾಗಿದ್ದರೆ ಅದೊಂದೇ ಸಾಕು ಇಷ್ಟು ಗಲಾಟೆಗೆ. ಬೆಳಗಿನಿಂದ ಎಷ್ಟು ಸಲ ಮೂತ್ರಕ್ಕೆ ಹೋದರು? ಹೊಕ್ಕುಳ ಕೆಳಗೆ ಗಟ್ಟಿಯಾಗಿ ಉಬ್ಬಿದೆಯಾ? ನಾಲಿಗೆ ಒಣಗಿದೆಯಾ? ಜ್ವರ ನೋಡಿ, ಆದರೆ ಈ ವಯಸ್ಸಿನಲ್ಲಿ ಸೋಂಕಿದ್ದರೂ ಜ್ವರ ಬರದೇ ಇರಬಹುದು. ಉಸಿರು ವೇಗವಾಗಿದೆಯಾ ಗಮನಿಸಿ. ಹಲ್ಲು, ಸೊಂಟ, ಮಂಡಿ ನೋವನ್ನು ಅವರು ಹೇಳಲಾರರು. ಮುಟ್ಟಿದಾಗ ಮುಖ ಕಿವಿಚುವುದೇ ಉತ್ತರ. ಕಳೆದ ಒಂದೆರಡು ತಿಂಗಳಲ್ಲಿ ಎಲ್ಲಾದರೂ ಬಿದ್ದಿದ್ದಾರಾ? ತಲೆಗೆ ಪೆಟ್ಟಾಗಿ ವಾರಗಳ ನಂತರ ನಿಧಾನವಾಗಿ ರಕ್ತ ಕಟ್ಟುವುದುಂಟು, ಅದಕ್ಕೆ ಸಿಟಿ ಸ್ಕ್ಯಾನ್ ಬೇಕು.

ಆಸ್ಪತ್ರೆಯಲ್ಲಿ ರಕ್ತದ ಕೌಂಟ್, ಸೋಡಿಯಂ, ಪೊಟ್ಯಾಶಿಯಂ, ಕ್ರಿಯಾಟಿನಿನ್, ಸಕ್ಕರೆ, ಮೂತ್ರ ಪರೀಕ್ಷೆ ಮಾಡಿಸಿ. ಹಿಂದೆ ಮಾಡಿರದಿದ್ದರೆ ಥೈರಾಯ್ಡ್‌ನ ಟಿಎಸ್‌ಎಚ್ ಮತ್ತು ವಿಟಮಿನ್ ಬಿ12 ಕೂಡ. ಮೂತ್ರ ಹಿಡಿಯುವಾಗ ಮೊದಲು ತೊಳೆದು, ಆರಂಭದ ಸ್ವಲ್ಪ ಬಿಟ್ಟು ನಡುವಿನದನ್ನು ಲ್ಯಾಬಿನ ಬಾಟಲಿಯಲ್ಲಿ ಹಿಡಿದು ಎರಡು ಗಂಟೆಯೊಳಗೆ ತಲುಪಿಸಿ. ಒಂದು ಎಚ್ಚರಿಕೆ: ವಯಸ್ಸಾದ ಹೆಂಗಸರ ಮೂತ್ರದಲ್ಲಿ ತೊಂದರೆ ಇಲ್ಲದೆಯೂ ಬ್ಯಾಕ್ಟೀರಿಯಾ ಕಾಣುತ್ತದೆ. ಉರಿ, ಪದೇ ಪದೇ ಹೋಗುವುದು, ಜ್ವರ ಯಾವುದೂ ಇಲ್ಲದೆ ಬರೀ ರಿಪೋರ್ಟ್ ನೋಡಿ ಆ್ಯಂಟಿಬಯಾಟಿಕ್ ಶುರುಮಾಡಿ ಅಲ್ಲಿಗೇ ಹುಡುಕಾಟ ನಿಲ್ಲಿಸಿದರೆ ನಿಜವಾದ ಕಾರಣ ಉಳಿದುಬಿಡುತ್ತದೆ.

ಎಬ್ಬಿಸಿದರೂ ಕಣ್ಣು ಬಿಡದಷ್ಟು ಮಂಪರು, ನೀರು ನುಂಗಲಾಗದ ಸ್ಥಿತಿ, ಬಾಯಿ ಓರೆಯಾಗುವುದು, ಒಂದು ಕಡೆ ಕೈಕಾಲು ಸೋಲುವುದು, ಉಸಿರಾಟದ ಕಷ್ಟ ಇದ್ದರೆ ನಾಳೆಗೆ ಬಿಡಬೇಡಿ, 108ಕ್ಕೆ ಕರೆ ಮಾಡಿ. ಇವು ಇಲ್ಲದಿದ್ದರೂ ತಡಮಾಡದೆ ತೋರಿಸಲೇಬೇಕು.

ಅಲ್ಪ್ರಜೋಲಾಮ್ ಯಾಕೆ ಬೇಡ ಅಂದರೆ, ಡೆಲಿರಿಯಂ ಅದರಿಂದ ಇನ್ನಷ್ಟು ಕೆಡುತ್ತದೆ. ಕೆಲವರಿಗೆ ನಿದ್ದೆಯ ಬದಲು ಚಡಪಡಿಕೆ ಹೆಚ್ಚುತ್ತದೆ. ಅರೆ ಮಂಪರಿನಲ್ಲಿ ರಾತ್ರಿ ಬಚ್ಚಲಿಗೆ ಎದ್ದು ಬಿದ್ದು ಸೊಂಟದ ಮೂಳೆ ಮುರಿದರೆ ಹಾಸಿಗೆಯೇ ಗತಿ. ತೀವ್ರ ಗಲಾಟೆ ಇಳಿಸಲು ಕೊಡುವ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್‌ನಂಥವೂ ಇವೆ, ಆದರೆ ಡಿಮೆನ್ಶಿಯಾದಲ್ಲಿ ಇವುಗಳಿಂದ ಪಾರ್ಶ್ವವಾಯು ಮತ್ತು ಸಾವಿನ ಅಪಾಯ ಹೆಚ್ಚುತ್ತದೆ. ಅವರಿಗೋ ಬೇರೆಯವರಿಗೋ ಪೆಟ್ಟಾಗುವಂತಿದ್ದರೆ ಮಾತ್ರ, ತೀರಾ ಸಣ್ಣ ಪ್ರಮಾಣದಲ್ಲಿ, ಕೆಲವೇ ವಾರ, ಡಾಕ್ಟರ ಕಣ್ಣಳತೆಯಲ್ಲಿ. ಗಂಡಸು ಕಾಣುವುದು ಈ ವಾರದ್ದಲ್ಲ, ತಿಂಗಳುಗಳಿಂದ ಇತ್ತು, ಜೊತೆಗೆ ಮೈ ಬಿಗಿದು ಹೆಜ್ಜೆ ಸಣ್ಣದಾಗಿದೆ ಅಂತಾದರೆ ಅದನ್ನು ಮೊದಲೇ ಹೇಳಿ. ಅದು ಲೇವಿ ಬಾಡಿ ಅನ್ನುವ ಬೇರೆ ಬಗೆಯ ಡಿಮೆನ್ಶಿಯಾ ಆಗಿದ್ದರೆ ಹ್ಯಾಲೊಪೆರಿಡಾಲ್ ಪ್ರಾಣಕ್ಕೇ ಬರಬಹುದು.

ಡೊನೆಪೆಜಿಲ್ ರಾತ್ರಿ ತೆಗೆದುಕೊಂಡರೆ ಕೆಲವರಿಗೆ ಕಣ್ಣಿಗೆ ಕಟ್ಟುವಂಥ ಕನಸು ಬಿದ್ದು ನಿದ್ದೆ ಕೆಡುತ್ತದೆ. ಬೆಳಗಿನ ತಿಂಡಿಯ ಮೇಲೆ ಬದಲಾಯಿಸಬಹುದಾ ಕೇಳಿ. ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ ಇದ್ದರೆ, ತಲೆ ತಿರುಗಿದರೆ ಅದನ್ನೂ ತಿಳಿಸಿ.

ಉತ್ತರ 2: ಜಗುಲಿ

ಸಿಸ್ಟರ್ ಹೇಳಿದ್ದನ್ನು ಮೊದಲು ಮಾಡಿ. ಕಾರಣ ಸಿಕ್ಕಿದ ಮೇಲೂ ಸಂಜೆಯ ಹಟ ಸ್ವಲ್ಪ ಉಳಿಯುತ್ತದೆ, ಅದಕ್ಕೆ ಮನೆಯೊಳಗೆ ಮಾಡುವುದು ಬಹಳ ಇದೆ.

ಜಗುಲಿಯ ಗಂಡಸು. ಸಂಜೆ ಆರೂವರೆಗೆ ಅತ್ತೆ ಕೂರುವ ಜಾಗದಲ್ಲಿ, ಅವರ ಕಣ್ಣಿನ ಎತ್ತರಕ್ಕೆ ನೀವೇ ಕೂತು ನೋಡಿ. ನಮ್ಮ ಕಡೆ ಮಳೆಗಾಲದಲ್ಲಿ ಜಗುಲಿ ಗೂಟಕ್ಕೆ ಕಂಬಳಿಕೊಪ್ಪೆಯೋ ರೇನ್‌ಕೋಟೋ ತೂಗುಹಾಕಿರುತ್ತದೆ. ಅದರ ಕೆಳಗೆ ಒಂದು ಜೊತೆ ಗಂಬೂಟು. ಝೀರೋ ಬಲ್ಬಿನ ಬೆಳಕಿನಲ್ಲಿ ತಲೆ, ಹೆಗಲು, ಕಾಲು ಎಲ್ಲ ಇರುವ ಆಳೇ ಅದು. ಕತ್ತಲಾದ ಮೇಲೆ ಕಿಟಕಿ ಗಾಜಿನಲ್ಲಿ, ಬೀರುವಿನ ಕನ್ನಡಿಯಲ್ಲಿ ತಮ್ಮದೇ ಬಿಂಬ ಕಂಡರೂ ಅವರಿಗೆ ಪರಕೀಯರು. ಕೊಪ್ಪೆಯನ್ನು ಒಳಕೋಣೆಗೆ ಹಾಕಿ, ಗಾಜಿಗೆ ಪರದೆ ಎಳೆಯಿರಿ, ಕನ್ನಡಿಗೆ ಬಟ್ಟೆ ಮುಚ್ಚಿ. ಕತ್ತಲಾಗುವವರೆಗೆ ಕಾಯದೆ ನಾಲ್ಕೂವರೆ, ಐದು ಗಂಟೆಗೇ ಎಲ್ಲ ದೀಪ ಹಾಕಿ. ಮೋಡ ಕವಿದ ದಿನ ಇನ್ನೂ ಮೊದಲೇ. ಆಷಾಢದಲ್ಲಿ ಕರೆಂಟು ಹೋಗುವುದು ದಿನದ ಮಾತಾದ್ದರಿಂದ ಅವರ ಕೋಣೆ, ಬಚ್ಚಲಿನ ದಾರಿ ಎರಡಕ್ಕೂ ತಾನೇ ಹತ್ತುವ ಬ್ಯಾಟರಿ ಬಲ್ಬು ಹಾಕಿಸಿ.

ರಾತ್ರಿಯ ನಿದ್ದೆ ಹಗಲಿನಲ್ಲೇ ಶುರುವಾಗುತ್ತದೆ. ಬೆಳಿಗ್ಗೆ ಅರ್ಧ ಗಂಟೆ ಅಂಗಳದ ಬಿಸಿಲಿನಲ್ಲಿ ಕೂರಿಸಿ, ಮಳೆಯಿದ್ದರೆ ಜಗುಲಿಯ ತುದಿಯಲ್ಲಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ಮೀರದಿರಲಿ. ಚಹಾ ಮೂರು ಗಂಟೆಯ ನಂತರ ಬೇಡ. ನೀರು, ಮಜ್ಜಿಗೆ ಇಂಥವನ್ನು ಸಂಜೆ ಆರರೊಳಗೆ ಹೆಚ್ಚು ಕುಡಿಸಿ, ಆಮೇಲೆ ಕಡಿಮೆ ಮಾಡಿ.

"ಮನೆಗೆ ಹೋಗ್ತೆ" ಅಂದಾಗ "ಇದೇ ನಿಮ್ಮ ಮನೆ" ಅಂತ ಹೇಳಿದಷ್ಟೂ ಹಟ ಏರುತ್ತದೆ. ಅವರು ಹೇಳುವ ಮನೆ ಐವತ್ತು ಅರವತ್ತು ವರ್ಷದ ಹಿಂದಿನ ತವರು ಇರಬಹುದು, ಅಥವಾ ಬರೀ ಹೆದರಿಕೆ, ಹಸಿವು, ಮೂತ್ರದ ಒತ್ತಡ ಆ ಮಾತಾಗಿ ಬಂದಿರಬಹುದು. ಮೊದಲು ಬಚ್ಚಲಿಗೆ ಕರೆದುಕೊಂಡು ಹೋಗಿ. ಆಮೇಲೆ "ಮನೆಯಲ್ಲಿ ಯಾರ್ಯಾರಿದ್ದರು? ಆಯಿ ಎಂಥ ಅಡುಗೆ ಮಾಡ್ತಿದ್ದರು?" ಅಂತ ಕೇಳಿ. ಹೊರಡಲೇಬೇಕೆಂದರೆ ಜೊತೆಗೇ ಅಂಗಳ ದಾಟಿ ಹತ್ತು ನಿಮಿಷ ನಡೆದು "ಕತ್ತಲಾಯ್ತು, ಇಲ್ಲೇ ಉಂಡು ಬೆಳಿಗ್ಗೆ ಹೋಗುವಾ" ಅಂತ ತಿರುಗಿಸಿ. ಬಾಗಿಲಿಗೆ ಅಡ್ಡ ನಿಂತರೆ ಕೈ ಮೇಲೇಳುತ್ತದೆ.

ಸರದ ವಿಷಯದಲ್ಲಿ ನಿಮ್ಮ ಮನಸ್ಸಿಗೆ ಎಷ್ಟು ನೋವಾಗಿರಬಹುದು ಅಂತ ಗೊತ್ತಾಗುತ್ತದೆ. ಹಗಲೆಲ್ಲ ಹತ್ತಿರ ಇರುವವರ ಮೇಲೆಯೇ ಆ ಮಾತು ಬೀಳುವುದು, ಯಾಕೆಂದರೆ ಅವರ ಕಣ್ಣಿಗೆ ಕಾಣುವವರು ನೀವೊಬ್ಬರೇ. ಇಟ್ಟ ನೆನಪು ಅಳಿಸಿಹೋಗಿದೆ, ವಸ್ತು ಇಲ್ಲ ಅನ್ನುವುದು ಮಾತ್ರ ಉಳಿದಿದೆ. ವಾದ ಬೇಡ. "ಅಯ್ಯೋ ಕಾಣ್ತಾ ಇಲ್ವಾ, ಇಬ್ಬರೂ ಹುಡುಕುವಾ" ಅನ್ನಿ. ಅವರು ಅಡಗಿಸಿಡುವ ಜಾಗ ನಾಲ್ಕೈದೇ ಇರುತ್ತವೆ: ಅಕ್ಕಿ ಡಬ್ಬ, ದಿಂಬಿನ ಗೌಸು, ಮಡಿಸಿದ ಸೀರೆಯ ನಡುವೆ, ಕವಳದ (ಎಲೆ ಅಡಿಕೆಯ) ಡಬ್ಬಿ. ಅಸಲು ಚಿನ್ನವನ್ನು ಲಾಕರಿಗೆ ಹಾಕಿ ಅದೇ ಮಾದರಿಯ ಗಿಲೀಟಿನ ಸರ ಕೊಡಿ.

ಸ್ನಾನ. ಬಚ್ಚಲು ಕತ್ತಲು, ನೆಲ ಜಾರುತ್ತದೆ, ಹಂಡೆಯ ಹೊಗೆ, ತಲೆ ಮೇಲೆ ಧಡಕ್ಕನೆ ನೀರು. ಇದೇನೆಂದು ತಿಳಿಯದವರಿಗೆ ಅದು ಆಕ್ರಮಣವೇ. ಅವರು ಜೀವಮಾನವೆಲ್ಲ ಎಷ್ಟು ಹೊತ್ತಿಗೆ ಸ್ನಾನ ಮಾಡುತ್ತಿದ್ದರೋ, ದೇವರ ಮುಂದೆ ದೀಪ ಹಚ್ಚುವ ಮೊದಲು ಅಂತಿದ್ದರೆ, ಆ ಹೊತ್ತಿಗೇ ಕರೆಯಿರಿ. ನೀರು ಮೊದಲೇ ಬೆರೆಸಿಟ್ಟು ಮೊಣಕೈಯಿಂದ ಮುಟ್ಟಿ ನೋಡಿ, ಉಗುರುಬೆಚ್ಚಗೆ ಇರಲಿ. ಹಿಂದೆ ಒರಗು ಇರುವ ಪ್ಲಾಸ್ಟಿಕ್ ಕುರ್ಚಿಗೆ ಟವೆಲು ಹಾಸಿ ಕೂರಿಸಿ. ಬಟ್ಟೆ ಪೂರ್ತಿ ತೆಗೆಯಬೇಕೆಂದಿಲ್ಲ, ಹೆಗಲಿಗೊಂದು ಒಣ ಟವೆಲು ಹೊದಿಸಿ ಅದರಡಿಯಲ್ಲೇ ತೊಳೆಯಬಹುದು. ಚೊಂಬು ಅವರ ಕೈಗೇ ಕೊಡಿ. ನೀರು ಪಾದದಿಂದ ಶುರುವಾಗಲಿ, ಆಮೇಲೆ ಮೊಣಕಾಲು, ಕೈ, ಬೆನ್ನು. ತಲೆಸ್ನಾನ ಬೇರೆ ದಿನ. ವಾರಕ್ಕೆ ಎರಡು ಮೂರು ಸ್ನಾನ ಸಾಕು, ಉಳಿದ ದಿನ ಒದ್ದೆ ಬಟ್ಟೆಯಲ್ಲಿ ಕಂಕುಳು, ತೊಡೆಸಂದು, ಎದೆಯ ಕೆಳಗಿನ ಮಡಿಕೆ ಒರೆಸಿ ಚೆನ್ನಾಗಿ ಒಣಗಿಸಿ. ಮಳೆಗಾಲದಲ್ಲಿ ಆ ಜಾಗ ಒದ್ದೆ ಉಳಿದರೆ ಹುಳಕಡ್ಡಿ ಹತ್ತುವುದು ಬೇಗ.

ಮಾತಾಡುವಾಗ ಒಂದು ಸಲಕ್ಕೆ ಒಂದೇ ಮಾತು. "ಏಳಿ" ಅಂದು ಹತ್ತು ಸೆಕೆಂಡು ಕಾಯಿರಿ, ಅರ್ಥವಾಗಲು ಅಷ್ಟು ಬೇಕು. ಕಾಯದೆ ಮತ್ತೆ ಬೇರೆ ಪದದಲ್ಲಿ ಹೇಳಿದರೆ ಅವರ ಮಟ್ಟಿಗೆ ಅದು ಹೊಸ ಪ್ರಶ್ನೆ.

ಊಟಕ್ಕೆ ಬಾಳೆ ಎಲೆ ಒಳ್ಳೆಯದು. ಹಸಿರಿನ ಮೇಲೆ ಬಿಳಿ ಅನ್ನ ಎದ್ದು ಕಾಣುತ್ತದೆ, ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಕಾಣುವುದಿಲ್ಲ. ನೀರು ಕುಡಿಯುವಾಗ ಕೆಮ್ಮುತ್ತಾರಾ ನೋಡಿ. ಹಾಗಿದ್ದರೆ ಅಪ್ಪೆಹುಳಿಯಂಥ ತೆಳ್ಳಗಿನ ಹುಳಿ ಪದಾರ್ಥ ಶ್ವಾಸನಾಳಕ್ಕೆ ಇಳಿಯುವ ಸಾಧ್ಯತೆ ಹೆಚ್ಚು. ಗಂಜಿ ಕೊಡುವುದಾದರೆ ತಿಳಿ ಬೇರೆ ಅಗುಳು ಬೇರೆ ಆಗಿರದಂತೆ ಚೆನ್ನಾಗಿ ಹಿಸುಕಿ ಕಲಸಿ ಕೊಡಿ. ನೇರ ಕೂರಿಸಿ ಉಣ್ಣಿಸಿ, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಕವಳದ ಅಭ್ಯಾಸವಿದ್ದರೆ ಹೋಳಡಿಕೆ ಗಂಟಲಿಗೆ ಸಿಕ್ಕಿಕೊಳ್ಳುವುದುಂಟು. ಹಾಕಿದ್ದು ಮರೆತು ಮತ್ತೆ ಮತ್ತೆ ಸುಣ್ಣ ಹಚ್ಚಿ ಬಾಯಿ ಸುಟ್ಟುಕೊಳ್ಳುವುದೂ ಉಂಟು. ಡಬ್ಬಿ ನಿಮ್ಮ ಬಳಿ ಇರಲಿ. ತಂಬಾಕು ಇದ್ದು ಇತ್ತೀಚೆಗೆ ಒಮ್ಮೆಲೇ ನಿಲ್ಲಿಸಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಚಡಪಡಿಕೆಗೆ ಅದೂ ಒಂದು ಕಾರಣ.

ಉತ್ತರ 3: ಬಾವಿಕಟ್ಟೆ_ಕುಮಟಾ

ಹೊರಟುಹೋಗುವ ಹಂತ ಬಂದಿದೆ ಅಂದರೆ ಬಾವಿಯ ಕೆಲಸ ಈ ವಾರವೇ ಆಗಬೇಕು. ಕಟ್ಟೆ ಮಾತ್ರ ಸಾಲದು, ಮೇಲೆ ಕಬ್ಬಿಣದ ಜಾಲರಿ, ಕೊಡಪಾನ ಇಳಿಯುವಷ್ಟು ಬಾಗಿಲು, ಅದಕ್ಕೆ ಬೀಗ. ತೋಟದ ಕೆರೆಗೆ, ಕಾಲುಸಂಕಕ್ಕೆ (ಹಳ್ಳ ದಾಟುವ ಕಿರುಸೇತುವೆಗೆ) ಹೋಗುವ ದಾರಿಯಲ್ಲಿ ದಣಪೆ (ಅಡ್ಡಗೇಟು) ಹಾಕಿ. ಮನೆಬಾಗಿಲಿಗೆ ಹೊಸ ಚಿಲಕವನ್ನು ತೀರ ಮೇಲೋ ತೀರ ಕೆಳಗೋ ಹಾಕಿದರೆ ಕಣ್ಣಿಗೆ ಬೀಳುವುದಿಲ್ಲ. ಒಂದು ಗಂಟೆಯನ್ನೂ ಕಟ್ಟಿ. ಒಬ್ಬರನ್ನೇ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಬೇಡಿ, ಬೆಂಕಿ ಹತ್ತಿದರೆ ಹೊರಬರಲಾರರು.

ಕಾಣೆಯಾದರೆ ಮೊದಲು ಬಾವಿ, ಕೆರೆ, ಹಳ್ಳ. ಆಮೇಲೆ ತವರಿನ ದಿಕ್ಕಿನ ದಾರಿ, ಹಳೆಯ ಬಸ್ ನಿಲ್ದಾಣ, ದೇವಸ್ಥಾನ. ಕರಾವಳಿಯ ಕಡೆಯವರು ಕೊಂಕಣ ರೈಲ್ವೆ ಹಳಿ, ಹೆದ್ದಾರಿ 66, ಸಮುದ್ರದಂಡೆಗೆ ಒಟ್ಟಿಗೇ ಜನ ಕಳಿಸಬೇಕು. ಹತ್ತು ಹದಿನೈದು ನಿಮಿಷದಲ್ಲಿ ಸಿಗದಿದ್ದರೆ 112ಕ್ಕೆ ಕರೆ ಮಾಡಿ. ಪೊಲೀಸರು ಇಪ್ಪತ್ತನಾಲ್ಕು ಗಂಟೆ ಕಾಯಬೇಕು ಅನ್ನುವ ನಿಯಮ ಯಾವುದೂ ಇಲ್ಲ. ರವಿಕೆಯ ಒಳಗೆ ಫೋನ್ ನಂಬರ್ ಹೊಲಿದಿಡಿ, ಬೆಳಿಗ್ಗೆ ಉಟ್ಟ ಸೀರೆಯ ಜೊತೆ ಫೋಟೋ ತೆಗೆದಿಟ್ಟುಕೊಳ್ಳಿ. ಕರೆದರೆ ಓಗೊಡುವುದಿಲ್ಲ, ಪೊದೆಯ ಮರೆಯಲ್ಲಿ ಸುಮ್ಮನೆ ಕೂತಿರುತ್ತಾರೆ, ಆದ್ದರಿಂದ ಕೂಗಿದರೆ ಸಾಲದು, ಕಣ್ಣಿಟ್ಟು ಹುಡುಕಬೇಕು.

ತೋಟದ ಮನೆಯಾದ್ದರಿಂದ ಇನ್ನೊಂದು. ಅಡಿಕೆಯ ಕೊಳೆರೋಗದ ಔಷಧಕ್ಕೆ ತಂದ ಮೈಲುತುತ್ತ, ಸುಣ್ಣ ಮಳೆಗಾಲದ ಹೊತ್ತಿಗೆ ಮನೆಯ ಮೂಲೆಯಲ್ಲೇ ಇರುತ್ತವೆ. ಅವರಿಗೆ ಅದು ಕಲ್ಲುಸಕ್ಕರೆಯೋ ಉಪ್ಪೋ ಅನ್ನಿಸಬಹುದು. ಬೀಗದೊಳಗೆ ಇಡಿ. ಬಾಯಿಗೆ ಹಾಕಿದರೆ ವಾಂತಿ ಮಾಡಿಸಲು ಹೋಗದೆ, ಚೀಲದ ಸಮೇತ ಆಸ್ಪತ್ರೆಗೆ ಓಡಿ. ಮೆಟ್ಟುಗತ್ತಿ ಒಳಗಿಡಿ, ಗ್ಯಾಸಿನ ರೆಗ್ಯುಲೇಟರ್ ಅಡುಗೆ ಮುಗಿದ ಕೂಡಲೇ ಬಂದ್ ಮಾಡಿ. ಅಂಗಳದ ಹಾವಸೆಯನ್ನು (ಪಾಚಿಯನ್ನು) ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ.

ಕೈಗೆ ಕೆಲಸ ಬೇಕು. ಅಬ್ಬಲಿಗೆ ಮಾಲೆ, ಹಿಡಿಕಡ್ಡಿ ಸೀಳುವುದು, ಪಂಚೆ ಮಡಿಸುವುದು. ತಪ್ಪಾದರೂ ತಿದ್ದಬೇಡಿ.

ತೋಟದಮನೆ_ಶಿರಸಿ

ಎಲ್ಲರಿಗೂ ವಂದನೆ. ಶೀತದ ಮಾತ್ರೆಯ ಪಟ್ಟಿಯಲ್ಲಿ ಕ್ಲೋರ್‌ಫೆನಿರಮಿನ್ ಇದೆ. ಐದು ದಿನದಿಂದ ಮಲ ಹೋಗಿಲ್ಲ. ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ. ಕೊಪ್ಪೆ ಅವರು ಕೂರುವ ಎದುರಿಗೇ ಇತ್ತು, ತೆಗೆದೆವು. ಇನ್ನೊಂದು ಪ್ರಶ್ನೆ: ತೋಟ ಮತ್ತು ಸೊಸೈಟಿ ಖಾತೆ ಅತ್ತೆಯ ಹೆಸರಲ್ಲಿದೆ. ಈಗಲೇ ಮುಖ್ತಿಯಾರ್ ಪತ್ರ (ಪವರ್ ಆಫ್ ಅಟಾರ್ನಿ) ಮಾಡಿಸಿ ಅಂತ ಭಾವ ಹೇಳ್ತಾರೆ.

ಉತ್ತರ 4: ದಸ್ತಾವೇಜು

ಅಕ್ಕಾ, ಈ ವಾರ ಯಾವ ಕಾಗದಕ್ಕೂ ಅವರ ಹೆಬ್ಬೆಟ್ಟು ಬೇಡ. ಗೊಂದಲದಲ್ಲಿರುವಾಗ ಮಾಡಿಸಿದ್ದು ನಾಳೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಮಾಡಿಸಿದವರ ಮೇಲೇ ತಿರುಗುತ್ತದೆ. ಮುಖ್ತಿಯಾರ್ ಪತ್ರದ ಇನ್ನೊಂದು ತೊಡಕು ಬಹಳ ಜನರಿಗೆ ಗೊತ್ತಿಲ್ಲ: 1872ರ ಕರಾರು ಕಾಯ್ದೆಯ 201ನೇ ಕಲಮಿನಂತೆ, ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಅದು ಅಲ್ಲಿಗೇ ಮುಗಿಯುತ್ತದೆ. ಬೇಕಾದ ಹೊತ್ತಿಗೇ ಕೈಕೊಡುವ ಕಾಗದ ಅದು.

ಡೆಲಿರಿಯಂ ಇಳಿದು ಅವರು ತಿಳಿಯಾಗಿರುವಾಗ ಏನು ಸಾಧ್ಯ ನೋಡಿ. ಅದೇ ಕಾಯ್ದೆಯ 12ನೇ ಕಲಮು ತಿಳಿಯಾಗಿರುವ ಹೊತ್ತಿನ ಕರಾರನ್ನು ಒಪ್ಪುತ್ತದೆ. ಉಯಿಲು ಬರೆಯುವುದಿದ್ದರೆ ಇಬ್ಬರು ಸಾಕ್ಷಿ ಬೇಕು, ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಒಳ್ಳೆಯದು. ಅವತ್ತಿನದೇ ದಿನಾಂಕದ ಮನೋವೈದ್ಯರ ಪ್ರಮಾಣಪತ್ರ ಜೊತೆಗಿರಲಿ. ಆಸ್ತಿಯನ್ನು ಯಾರ ಹೆಸರಿಗಾದರೂ ದಾನಪತ್ರ ಮಾಡುವುದಾದರೆ "ಕೊನೆಯವರೆಗೆ ನೋಡಿಕೊಳ್ಳಬೇಕು" ಅನ್ನುವ ಷರತ್ತು ಅದರಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಷರತ್ತು ಮುರಿದರೆ ದಾನ ರದ್ದಾಗಬಲ್ಲದು. ಖಾತೆಗೆ ನಾಮಿನಿ ಇದೆಯೇ ನೋಡಿ, ಜಂಟಿ ಖಾತೆ ಮಾಡಲು ಸೊಸೈಟಿಯಲ್ಲಿ ಕೇಳಿ. ಮನೆಮಂದಿಯೆಲ್ಲ ಕೂತು, ಭಾವನವರೂ ಇದ್ದಾಗಲೇ ಮಾತಾಡಿ. ಅವರಿಗೆ ತಿಳಿಯುವ ಸ್ಥಿತಿ ಬರದೇ ಹೋದರೆ ಉಳಿಯುವುದು ನ್ಯಾಯಾಲಯದಿಂದ ಪಾಲಕರ ನೇಮಕ. ನಮ್ಮ ಉತ್ತರ ಕನ್ನಡ ಜಿಲ್ಲೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಸೇರುತ್ತದೆ, ವಕೀಲರ ಮೂಲಕ ಹೋಗುವುದು ಒಳ್ಳೆಯದು.

ಉತ್ತರ 5: ವಾರ್ಡ್_ಸಿಸ್ಟರ್_ಕಾರವಾರ

ಐದು ದಿನ ಮಲ ಹೋಗಿಲ್ಲ ಅಂದರೆ ನಾಳೆ ಅದನ್ನೇ ಮೊದಲು ಹೇಳಿ. ಮನೆಯಲ್ಲಿ ಜೋರು ಭೇದಿ ಔಷಧ ಕೊಡಬೇಡಿ. ಕೆಳಗೆ ಗಟ್ಟಿ ಕಟ್ಟಿಕೊಂಡಿದ್ದರೆ ನೀರಿನಂಥ ಮಲ ಪಕ್ಕದಿಂದ ಸೋರುತ್ತದೆ, ಭೇದಿ ಆಯಿತು ಅಂತ ತಪ್ಪು ತಿಳಿಯುವುದು ಆಗಲೇ.

ಕಾರಣ ಸರಿಯಾದ ಮರುದಿನವೇ ಮೊದಲಿನಂತೆ ಆಗುತ್ತಾರೆ ಅಂತ ಕಾಯಬೇಡಿ. ಡೆಲಿರಿಯಂ ಇಳಿಯಲು ಕೆಲವು ದಿನ, ಈ ವಯಸ್ಸಿನಲ್ಲಿ ಕೆಲವೊಮ್ಮೆ ವಾರಗಳೇ ಬೇಕು. ಅಷ್ಟರೊಳಗೆ ಮರೆವಿನ ಮಾತ್ರೆ ಕೆಲಸ ಮಾಡುತ್ತಿಲ್ಲ ಅಂತ ಬದಲಾಯಿಸುವುದೂ ಬೇಡ. ಒಂದು ನೋಟ್‌ಬುಕ್ಕಿನಲ್ಲಿ ದಿನಾಲೂ ನಿದ್ದೆ, ಮಲ, ಊಟ, ಗಲಾಟೆ ಶುರುವಾದ ಹೊತ್ತು, ಅದಕ್ಕೆ ಮೊದಲು ಏನಾಗಿತ್ತು ಅಂತ ಬರೆಯಿರಿ. ಮುಂದಿನ ಭೇಟಿಯಲ್ಲಿ ಡಾಕ್ಟರ್ ಅದನ್ನೇ ನೋಡಿ ತೀರ್ಮಾನಿಸಬಹುದು.

ತಾಲೂಕು ಆಸ್ಪತ್ರೆಗೆ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಬರುವ ದಿನ ಕೇಳಿಟ್ಟುಕೊಳ್ಳಿ. ಹೆಚ್ಚಿನ ತಪಾಸಣೆಗೆ ಧಾರವಾಡದ ಡಿಮ್ಹಾನ್ಸ್ (ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ) ಇದೆ. ರಾತ್ರಿ ಎರಡು ಗಂಟೆಗೆ ಮಾತಾಡಲು ಯಾರೂ ಇಲ್ಲ ಅನ್ನಿಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು, ಅದು ನೋಡಿಕೊಳ್ಳುವವರಿಗೂ ಇರುವ ನಂಬರು. ಹಿರಿಯ ನಾಗರಿಕರ ಸಹಾಯವಾಣಿ 14567. ಮತ್ತು ರಾತ್ರಿ ಪಾಳಿಯನ್ನು ನೀವೊಬ್ಬರೇ ಹೊರಬೇಡಿ ತಂಗೀ. ವಾರಕ್ಕೆ ಕನಿಷ್ಠ ಎರಡು ರಾತ್ರಿ ಮನೆಯವರು ಎದ್ದಿರಲಿ, ನೀವು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿ ಮಲಗಿ. ಭಾವ ಕಾಗದದ ವಿಷಯಕ್ಕೆ ಬಂದಾಗ ಇದನ್ನೂ ಅವರ ಎದುರೇ ಮಾತಾಡಿ ನಿಗದಿ ಮಾಡಿಕೊಳ್ಳಿ.